ಬಾಂಬಿಗೆ ಕಟ್ಟಿದ ಪ್ರಾರ್ಥನೆ

ಸೆರ್ರಾನೆಡ್ಡಾ, ಸಾರ್ಡಿನಿಯಾ
ಸೋಮವಾರ, ೨೬ ನವೆಂಬರ್ ೨೦೧೮

ಮಗ ಪ್ರಿಯಾಮು,

ಹತ್ತೊಂಬತ್ತು ವರ್ಷದಿಂದ ಈ ಊರಿನ ಸಂತ ಬಾರ್ಬರಾ ಮಂಡಳಿಗೆ ಹಿರಿಯಳಾಗಿರುವವಳು ನಾನು. ಸಂತಳ ಮೂರ್ತಿಯ ಗೂಡಿನ ಬೀಗದಕೈ ನನ್ನ ಸೊಂಟದಲ್ಲಿದೆ, ಮಂಡಳಿಯ ಮುದ್ರೆ ನನ್ನ ಪೆಟ್ಟಿಗೆಯಲ್ಲಿದೆ. ಪಾದ್ರಿಗಳೇ ನನ್ನನ್ನು ಕೇಳಿ ಮೆರವಣಿಗೆಯ ಹೊತ್ತು ಗೊತ್ತು ಮಾಡುತ್ತಾರೆ. ಅಂಥವಳು ಮುನಿಸಿಕೊಂಡು ಹೋದ ಮಗನಿಗೆ ತಾನಾಗಿ ಪತ್ರ ಬರೆಯುತ್ತಿದ್ದೇನೆ ಎಂದರೆ ಬೇರೆ ದಾರಿ ಉಳಿದಿಲ್ಲ ಎಂದು ತಿಳಿ.

ಜುಸ್ತೀನಾ ಹೇಗಿದ್ದಾಳೆ? ಏಳನೇ ತಿಂಗಳಲ್ಲಿ ಕಾಲು ಊದುವುದುಂಟು, ಉಪ್ಪು ಕಡಿಮೆ ಮಾಡಲು ಹೇಳು. ನಿನ್ನ ಕೆಮ್ಮು ನಿಂತಿತೇ? ಅತ್ತೆಮನೆಯಲ್ಲಿ ಮಲಗುವ ಕೋಣೆ ಉತ್ತರಕ್ಕಿದೆಯಂತೆ. ಉಣ್ಣೆಯ ಹೊದಿಕೆಯನ್ನು ಬಸ್ಸಿನವನ ಕೈಯಲ್ಲಿ ಕಳಿಸಿದ್ದೇನೆ. ನಾನು ಕಳಿಸಿದ್ದೆಂದು ವಾಪಸು ಮಾಡಬೇಡ, ಅದು ನಿನ್ನ ಅಪ್ಪನದು.

ಆ ಭಾನುವಾರ ನೀನು ಊಟ ಬಿಟ್ಟು ಎದ್ದೆ. ಇಡೀ ದ್ವೀಪದ ಚರ್ಚುಗಳೂ ಕಾಲ್ಯಾರಿ ಪಟ್ಟಣದ ಮುಸ್ಲಿಮರ ಪ್ರಾರ್ಥನಾ ಮಂದಿರದವರೂ ಸೇರಿ ರೋಮಿನ ಸರ್ಕಾರಕ್ಕೆ ಕಾಗದ ಬರೆದಿದ್ದಾರೆ, ಯೆಮೆನ್ ಮೇಲೆ ಬೀಳುವ ಬಾಂಬುಗಳನ್ನು ನಮ್ಮೂರಿನ ಕಾರ್ಖಾನೆಯಿಂದ ಕಳಿಸುವುದು ನಿಲ್ಲಲಿ, ಯುದ್ಧದ ಎರಡೂ ಕಡೆಯವರನ್ನು ಮಾತಿಗೆ ಕೂರಿಸಲು ಸರ್ಕಾರ ಮುಂದಾಗಲಿ ಎಂದು. ಅದಕ್ಕೆ ನಮ್ಮ ಮಂಡಳಿಯ ಮುದ್ರೆ ಕೇಳಿದ್ದಾರೆ ಎಂದಷ್ಟೇ ನಾನು ಹೇಳಿದ್ದು. ನೀನು ಚಮಚ ಕೆಳಗಿಟ್ಟು ಅಂದೆ: "ನಾವು ಮಾಡದಿದ್ರೆ ಇನ್ನೊಬ್ಬರು ಮಾಡ್ತಾರಮ್ಮ. ಅವರಿಗೆ ಸಂಬಳ ಸಿಗುತ್ತೆ, ನಮಗೆ ನಿನ್ನ ಪುಣ್ಯ ಸಿಗುತ್ತೆ." ಹೀಗೆ ಮಾತಾಡುವವನು ನನ್ನ ಮೇಜಿನಲ್ಲಿ ಕೂರಬೇಡ ಎಂದೆ. ಅಂದದ್ದು ಹೌದು. ನೀನು ಗರ್ಭಿಣಿ ಹೆಂಡತಿಯನ್ನು ಕರೆದುಕೊಂಡು ಹೊರಟೇಬಿಡುತ್ತೀಯ ಎಂದುಕೊಂಡಿರಲಿಲ್ಲ.

ಏಳು ವರ್ಷ ಹಂಗಾಮಿಯಾಗಿ ಮದ್ದು ತುಂಬುವ ವಿಭಾಗದಲ್ಲಿ ದುಡಿದ ನಿನಗೆ ಡಿಸೆಂಬರಿನಲ್ಲಿ ಕೆಲಸ ಕಾಯಂ ಆಗಬೇಕು. ಈ ಕಾಗದದ ಮೇಲೆ ನಿನ್ನ ತಾಯಿಯ ಹೆಸರು ಕಂಡರೆ ಅದು ಕಾಯಂ ಆಗುವುದಿಲ್ಲ. ನನಗೆ ಗೊತ್ತಿಲ್ಲದ್ದೇನಲ್ಲ. ಬೀದಿಯವರೂ ದಿನಕ್ಕೊಮ್ಮೆ ನೆನಪಿಸುತ್ತಾರೆ. ಬೇಕರಿಯ ಮುಂದೆ ಎಫಿಜಿಯಾ ಎಲ್ಲರಿಗೂ ಕೇಳುವ ಹಾಗೆ ಅಂದಳು, "ಬೊನಾರಿಯಮ್ಮ, ರೋಮಿನವರು ನಿಮ್ಮ ಕಾಗದ ಓದಿ ಯುದ್ಧ ನಿಲ್ಲಿಸ್ತಾರಾ? ನಮ್ಮನೆ ಒಲೆ ಮಾತ್ರ ನಿಲ್ಲುತ್ತೆ." ಅವಳ ಇಬ್ಬರು ಮಕ್ಕಳೂ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದಾರೆ. ನಾನು ಬ್ರೆಡ್ಡು ತೆಗೆದುಕೊಂಡು ಬಂದೆ. ನಿನಗೆ ಬೇರೆ ಕೆಲಸವಿದೆಯೇ ಎಂದು ಕೇಳಲು ನಿನ್ನ ಸೋದರಮಾವನ ಕುರಿದೊಡ್ಡಿಯವರೆಗೂ ಹೋಗಿಬಂದೆ. ಯಾರ ಬಾಗಿಲಿಗೂ ಕೇಳಲು ಹೋಗದವಳು. ಅವನು ನಕ್ಕು, "ಇದ್ದ ಕೆಲಸ ಬಿಡಿಸಿ ಕುರಿ ಕಾಯೋಕೆ ಹಾಕ್ತೀಯಾ ಅಕ್ಕ? ನನಗೇ ಹಾಲಿಗೆ ಬೆಲೆ ಸಿಗ್ತಿಲ್ಲ" ಎಂದ.

ಈಗ ನಿನಗೆ ಗೊತ್ತಿಲ್ಲದ ಸಂಗತಿ. ನೀನು ಹೋದ ಮರುವಾರ ನಮ್ಮ ಪಾದ್ರಿ ದೋನ್ ಮೆಲ್ಕಿಯೊರ್ರೆ ಒಬ್ಬ ಹೆಂಗಸನ್ನು ಮನೆಗೆ ಕರೆತಂದರು. ನಜಾತ್ ಎಂದು ಹೆಸರು, ಮೊರೊಕ್ಕೊ ಕಡೆಯವಳು, ಕಾಗದ ಬರೆದ ಆ ಪ್ರಾರ್ಥನಾ ಮಂದಿರಕ್ಕೆ ಸೇರಿದವಳು, ಕಾಲ್ಯಾರಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಬೈಯಲು ಬಂದಿದ್ದಾಳೆ ಎಂದು ನಾನು ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ. ಅವಳು ಬೈಯಲಿಲ್ಲ. ಹಬ್ಬಕ್ಕೆಂದು ನಾನು ಹೊಲಿದಿಟ್ಟ ಸಂತಳ ನಿಲುವಂಗಿಯ ಹೊಲಿಗೆ ಮುಟ್ಟಿ ನೋಡಿದಳು, ಚೆನ್ನಾಗಿದೆ ಎಂದಳು, ಪಕ್ಕದಲ್ಲಿ ಮಡಿಸಿಟ್ಟ ಕೆಂಪು ಪಟ್ಟಿ ಯಾತಕ್ಕೆ ಎಂದು ಕೇಳಿದಳು. ನಾನು ಹೆಮ್ಮೆಯಿಂದಲೇ ಹೇಳಿದೆ. ಬಾರ್ಬರಾ ಗಣಿಯವರನ್ನೂ ಸಿಡಿಮದ್ದಿನ ಕೆಲಸದವರನ್ನೂ ಕಾಯುವ ಸಂತ. ಗಣಿ ಇದ್ದ ಕಾಲದಲ್ಲಿ ನಿನ್ನ ಅಜ್ಜಿ ಸಂತಳ ಹಬ್ಬದ ದಿನ ಅವಳನ್ನು ಗಣಿಯ ಬಾಗಿಲಿಗೆ ಹೊತ್ತು ತರಿಸಿ, ಅವಳ ಮೈಗೆ ಮುಟ್ಟಿಸಿದ ಪಟ್ಟಿಯನ್ನು ಸಿಡಿಮದ್ದಿನ ಮೊದಲ ಪೆಟ್ಟಿಗೆಗೆ ಕಟ್ಟುತ್ತಿದ್ದಳು. ಗಣಿ ಮುಚ್ಚಿತು, ಕಾರ್ಖಾನೆ ಬಂತು, ಹಬ್ಬ ನಿಲ್ಲಲಿಲ್ಲ. ಸಂತ ಈಗ ಕಾರ್ಖಾನೆಯ ಗೇಟಿಗೆ ಹೋಗುತ್ತಾಳೆ. ನೀವು ತಳ್ಳುಗಾಡಿಯಲ್ಲಿ ಮೊದಲ ಬಾಂಬನ್ನು ಹೊರಗೆ ತರುತ್ತೀರಿ, ನಾನು ಅದಕ್ಕೆ ಪಟ್ಟಿ ಕಟ್ಟುತ್ತೇನೆ. ಕಟ್ಟುವಾಗ ಏನು ಹೇಳುತ್ತೀರಿ ಎಂದು ಕೇಳಿದಳು. ನಿನ್ನ ಅಜ್ಜಿ ಕಲಿಸಿದ ಹಾಗೇ ಹೇಳಿದೆ, 'ತಾಯಿ ಬಾರ್ಬರಾ, ಇದು ಸಿಡಿಯುವಾಗ ಇದರ ಎದುರಿಗೆ ಯಾರೂ ಇಲ್ಲದಿರಲಿ.'

ಅವಳು ಕಣ್ಣು ಮುಚ್ಚಿ "ಆಮೀನ್" ಎಂದಳು.

ಪ್ರಿಯಾಮು, ಗಣಿಯ ಬಂಡೆ ಸಿಡಿಸುವ ಮದ್ದಿಗೆ ಹೇಳುವ ಪ್ರಾರ್ಥನೆಯನ್ನು ಹತ್ತೊಂಬತ್ತು ಸಲ ಬಾಂಬಿಗೆ ಹೇಳಿದ್ದೇನೆ. ಊರೆಲ್ಲ ಟೋಪಿ ತೆಗೆದು ನಿಂತು ಕೇಳಿದೆ, ಒಬ್ಬರಿಗೂ ತಪ್ಪೆನಿಸಲಿಲ್ಲ. ಎದುರಿಗೆ ಯಾರೂ ಇಲ್ಲದಿರಲಿ ಎನ್ನುತ್ತ ಜನರ ಮೇಲೆ ಬೀಳಲಿರುವುದಕ್ಕೆ ನನ್ನ ಬೆರಳುಗಳು ಗಂಟು ಹಾಕಿದವು. ಆ ಹೆಂಗಸು ಹೋದ ಮೇಲೆ ಪ್ರಾರ್ಥನೆಗೆ ಕೂತರೆ ಬಾಯಿಗೆ ಪದ ಬರುವುದಿಲ್ಲ. ಸಂತಳ ಬಟ್ಟೆ ಬದಲಿಸಲು ಗೂಡು ತೆರೆದೆ, ಮುಖ ನೋಡಲಾಗದೆ ಮುಚ್ಚಿದೆ. ಇದನ್ನು ಬೇರೆ ಯಾರಿಗೂ ಹೇಳಿಲ್ಲ. ನಾನು ಅಳುವುದನ್ನು ಈ ಊರು ನೋಡಿಲ್ಲ, ನೋಡುವುದೂ ಬೇಡ.

ಗುರುವಾರದೊಳಗೆ ಕಾಗದ ಹೊರಡಬೇಕಂತೆ. ಮುದ್ರೆ ಒತ್ತಿದರೆ ಮಗ ಹೋಗುತ್ತಾನೆ, ಹುಟ್ಟುವ ಮಗುವನ್ನು ನಾನು ಎತ್ತಿಕೊಳ್ಳಲಾರೆ. ಒತ್ತದಿದ್ದರೆ ನಾಲ್ಕನೇ ತಾರೀಖು, ಹಬ್ಬದ ದಿನ, ಗೇಟಿನ ಮುಂದೆ ಯಾವ ಬಾಯಿಂದ ಏನು ಹೇಳಲಿ? ನೀನು ಒಂದು ಮಾತು ಹೇಳು. 'ಒತ್ತಮ್ಮ' ಎಂದು ಹೇಳು. ನಾನು ಯಾರ ಅಪ್ಪಣೆಗೂ ಕಾದವಳಲ್ಲ, ನಿನ್ನದಕ್ಕೆ ಕಾಯುತ್ತಿದ್ದೇನೆ.

ಜುಸ್ತೀನಾಳ ತಲೆ ಸವರಿದೆನೆಂದು ಹೇಳು. ದೇವರು ಮೂವರನ್ನೂ ಕಾಯಲಿ.

ನಿನ್ನ ತಾಯಿ,
ಬೊನಾರಿಯಾ ಪಿಲ್ಲೊಸು

ಮ.ಬ.: ಮೇಲಿನದನ್ನು ಬರೆದು ಮೂರು ದಿನ ಅಂಚೆಗೆ ಹಾಕದೆ ಇಟ್ಟುಕೊಂಡಿದ್ದೆ. ನಿನ್ನ ಬಾಯಿಂದ 'ಒತ್ತು' ಎನ್ನಿಸಿ ನನ್ನ ಭಾರವನ್ನು ನಿನ್ನ ಹೆಗಲಿಗೆ ದಾಟಿಸಲು ಹೊರಟಿದ್ದೆ, ಅದು ಹೇಡಿತನ. ಹಾಗಾಗಿ ಉತ್ತರ ಬೇಡ. ಕೆಲಸ ಹೋದರೆ ಅಮ್ಮನಿಂದ ಹೋಯಿತು ಎಂದು ಎಲ್ಲರಿಗೂ ಹೇಳು, ನನ್ನ ಮುಖದ ಮೇಲೆ ಹೇಳುವುದಕ್ಕಾದರೂ ಒಮ್ಮೆ ಬಾ. ರೋಮಿಗೆ ಹೋಗುವ ಕಾಗದದಲ್ಲಿ ನನ್ನ ಹೆಸರಿನ ಕೆಳಗೆ ಮಂಡಳಿಯ ಹಿರಿಯಳು ಎಂದಷ್ಟೇ ಬರೆದರೆ ಸಾಕು ಎಂದರು ದೋನ್ ಮೆಲ್ಕಿಯೊರ್ರೆ. ನಾನು 'ಆ ಬಾಂಬುಗಳಿಗೆ ಮದ್ದು ತುಂಬುವವನ ತಾಯಿ' ಎಂದೂ ಸೇರಿಸಿ, ಮುದ್ರೆ ಒತ್ತಿ, ಇವತ್ತು ಬೆಳಗ್ಗೆ ಒಂಬತ್ತಕ್ಕೆ ನನ್ನ ಕೈಯಿಂದಲೇ ಅಂಚೆಗೆ ಕೊಟ್ಟು ಬಂದೆ.