ಬಾಯಿ ಮುಕ್ಕಳಿಸದ ಎಂಟು ತಿಂಗಳು

ಕಾಪು
17-7-2004

ಪ್ರೀತಿಯ ಮಗಳು ಚೈತಾಲಿಗೆ,

ಬಹರೈನ್‌ನಲ್ಲಿ ನೀನು, ಅಳಿಯಂದಿರು, ಮಗು ಕ್ಷೇಮವೇ? ಇಲ್ಲಿಗೆ ಬಂದಾಗ ಮಗುವಿನ ಮೈಮೇಲೆ ಎದ್ದ ಬೆವರುಸಾಲೆ ಇಳಿಯಿತೇ? ನನ್ನ ಉಬ್ಬಸ ಹಾಗೆಯೇ ಉಂಟು. ಬಾವಿಯಿಂದ ಜಗಲಿಗೆ ಹದಿನೆಂಟು ಹೆಜ್ಜೆ. ನಡುವೆ ಎರಡು ಸಲ ನಿಲ್ಲುತ್ತೇನೆ. ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ "ಬೆಳ್ಮಣ್, ಪಡುಬಿದ್ರೆ, ಕಾಪು" ಎಂದು ಕೂಗಿ ಕೂಗಿಯೇ ಬದುಕು ಕಟ್ಟಿದವನು ನಾನು. ಮೂವತ್ತು ವರ್ಷದ ಬೀಡಿ, ಡೀಸೆಲ್ ಹೊಗೆ ಎದೆಯೊಳಗೆ ಸೀಟು ಹಿಡಿದು ಕುಳಿತಿವೆ, ಇಳಿಯುವ ಅಂದಾಜೇ ಇಲ್ಲ. ಈಗ ದಿನಕ್ಕೆ ನಾನಾಡುವ ಮಾತು ಹನ್ನೊಂದು, ಹನ್ನೆರಡು. ಒಂದು ದಿನ ಎಣಿಸಿ ನೋಡಿದೆ.

ಮೇ ತಿಂಗಳಲ್ಲಿ ನೀನು ಬಂದಾಗ ಮಗುವನ್ನು ನಾನು ಎತ್ತಿಕೊಳ್ಳಲಿಲ್ಲ. "ಹೆಣ್ಣೆಂದು ಅಪ್ಪನಿಗೆ ಬೇಸರವಾ?" ಎಂದು ಹೊರಡುವಾಗ ಅಮ್ಮನ ಹತ್ತಿರ ಕಣ್ಣೀರು ಹಾಕಿದೆಯಂತೆ. ಮಾರಾಯ್ತಿ, ಹೆಣ್ಣಿನಿಂದಲೇ ಕುಟುಂಬ ಮುಂದುವರಿಯುವ ಅಳಿಯಕಟ್ಟಿನ ಮನೆಯವರು ನಾವು. ಹೆಣ್ಣು ಬೇಡ ಎನ್ನಲು ನನಗೇನು ಮರುಳೇ? ಸಂಗತಿ ಬೇರೆ. ನನ್ನ ಬಾಯಿ ನಾರುತ್ತಿತ್ತು. ನಾಲಿಗೆಯ ಮೇಲೆ ಮಜ್ಜಿಗೆ ಒಣಗಿದ ಹಾಗೆ ಬಿಳಿ ಪೊರೆ, ಗಂಜಿ ನುಂಗಿದರೂ ಉರಿ. ಅಂಗಡಿಯ ದೂಮಪ್ಪ ಒಮ್ಮೆ ಮಾತಿನ ನಡುವೆ ಮುಖ ಆಚೆ ತಿರುಗಿಸಿದ. ಅಂದಿನಿಂದ ನಾನು ಅತ್ತ ಹೋಗಲಿಲ್ಲ. ಆ ಬಾಯಿಯನ್ನು ಮೂರು ತಿಂಗಳ ಕೂಸಿನ ಮುಖದ ಹತ್ತಿರ ಹೇಗೆ ಒಯ್ಯಲಿ?

ಮೊನ್ನೆ ಅಮ್ಮನೇ ಒತ್ತಾಯ ಮಾಡಿ ಮಣಿಪಾಲದ ಹಲ್ಲಿನ ಡಾಕ್ಟರರಲ್ಲಿಗೆ ಕರೆದೊಯ್ದಳು. ನಿನ್ನ ಪ್ರಾಯದ ಹುಡುಗಿ. ಬಾಯಿ ನೋಡಿ, "ಅಜ್ಜಾ, ಉಬ್ಬಸದ ಪಂಪ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯುತ್ತೀರಲ್ವಾ?" ಎಂದಳು. "ಔಷಧಿಯನ್ನು ಯಾರಾದರೂ ಉಗಿಯುತ್ತಾರಾ? ದೇವಸ್ಥಾನದ ತೀರ್ಥ ತೆಗೆದುಕೊಂಡು ಬಾಯಿ ತೊಳೆಯುತ್ತಾರಾ?" ಎಂದೆ. ಪಂಪ್ ಶುರುವಾದ ಈ ಎಂಟು ತಿಂಗಳೂ ಅದನ್ನು ಎಳೆದು, ಒಂದು ಗಂಟೆ ನೀರೂ ಮುಟ್ಟದೆ ಕುಳಿತವನು ನಾನು. ಆ ಮದ್ದು ಬಾಯಲ್ಲೇ ಉಳಿದರೆ ನಾಲಿಗೆಗೆ ಬೂಷ್ಟು ಹಿಡಿಯುತ್ತದಂತೆ. "ನಿಮ್ಮ ಭಕ್ತಿಗೆ ಬೂಷ್ಟು ಪ್ರಸನ್ನವಾಗಿದೆ ಅಜ್ಜಾ" ಎಂದಳು. ಅಮ್ಮ ನಕ್ಕಳು. ನಾನೂ ನಗಲು ಹೋದೆ, ಕೆಮ್ಮು ಬಂತು. ಬಾಯಿಗೆ ಹಚ್ಚುವ ಮದ್ದು ಕೊಟ್ಟಿದ್ದಾಳೆ. ಉರಿ ಇಳಿದಿದೆ, ನಿನ್ನೆ ಖಾರದ ಸಾರಿನಲ್ಲಿ ಉಂಡೆ.

ಅಳಿಯಂದಿರಿಗೆ ನನ್ನ ನೆನಪು ಹೇಳು. ಮಗುವಿನ ನೆತ್ತಿಗೆ ಎಣ್ಣೆ ಹಚ್ಚಲು ಉದಾಸೀನ ಮಾಡಬೇಡ. ನಂಬಿದ ದೈವ ನಿಮ್ಮನ್ನು ಕಾಯಲಿ.

ನಿನ್ನ ಅಪ್ಪ,
ಶೀನ

ಮತ್ತೊಂದು: ಆ ಡಾಕ್ಟರ್ ಕೊನೆಗೆ "ಮನಸ್ಸು ಹೇಗುಂಟು ಅಜ್ಜಾ?" ಎಂದು ಕೇಳಿದಳು. ಅಮ್ಮ ಪಕ್ಕದಲ್ಲೇ ಇದ್ದಳು, "ಲಾಯ್ಕುಂಟು" ಎಂದುಬಿಟ್ಟೆ. ಸುಳ್ಳು ಮಗಾ. ಬೆಳಿಗ್ಗೆ ಏಳುವುದೇ ಬೇಡ ಎನಿಸುತ್ತದೆ. ಆಗಸ್ಟ್ ಎರಡಕ್ಕೆ ಮತ್ತೆ ಹೋಗಲಿಕ್ಕುಂಟು. ಅದಕ್ಕೆ ಮೊದಲು ನೀನೊಂದು ಫೋನ್ ಮಾಡಿ, "ಅಪ್ಪ, ಅಲ್ಲಿ ಸತ್ಯ ಹೇಳಿ" ಎಂದು ಹೇಳು, ಆಗ ನಾನು ಹೇಳಿಯೇನು. ರಿಸೀವರ್ ನಾನೇ ಎತ್ತುತ್ತೇನೆ. ಮಾತಿನ ನಡುವೆ ನಾನು ಸುಮ್ಮನಾದರೆ ಇಡಬೇಡ, ಉಸಿರು ತೆಗೆದುಕೊಳ್ಳುತ್ತಿರುತ್ತೇನೆ.