ಹನ್ನೆರಡನೇ ನಂಬರ್ ಸ್ಪ್ಯಾನರ್

7 ಅಕ್ಟೋಬರ್ 2024, ಸೋಮವಾರ. ಹುಣಸೂರು.

ನಾಳೆ ವಾಯುಪಡೆ ದಿನ, ನನಗೆ ಸನ್ಮಾನವಂತೆ. ವೇದಿಕೆಯಲ್ಲಿಡಲು ಹಳೆಯ ಸಮವಸ್ತ್ರ ಕೇಳಿದ್ದರು. ಮಧ್ಯಾಹ್ನ ಟ್ರಂಕಿನಿಂದ ಗ್ರೀಸ್ ಕಲೆಯ ಓವರಾಲ್ ತೆಗೆದು ಕೊಡವಿದೆ. ಹರಿದ ಜೇಬಿನ ಅಸ್ತರಿನಲ್ಲಿ ಸಿಕ್ಕಿಕೊಂಡಿದ್ದ ಸ್ಪ್ಯಾನರ್ ಠಣ್ಣೆಂದು ಬಿತ್ತು. ಹನ್ನೆರಡನೇ ನಂಬರ್.

ಇದು ಕಳೆದು ಮೂವತ್ತಮೂರು ವರ್ಷ! ವಾಯುಪಡೆಯ ನಮ್ಮ ವರ್ಕ್‌ಶಾಪಿನಲ್ಲಿ ಹಲಗೆಯ ಮೇಲೆ ಪ್ರತಿ ಉಪಕರಣದ ಆಕಾರ ಬರೆದಿರುತ್ತಿತ್ತು. ಸಂಜೆ ಒಂದು ಆಕಾರ ಖಾಲಿ ಉಳಿದರೂ ವಿಮಾನ ಹಾರುವಂತಿರಲಿಲ್ಲ. ಇದು ಕಾಣದ ಸಂಜೆ ಎಂಜಿನ್ ಬಿಚ್ಚಿ ಹುಡುಕಿದರು, ಏರ್‌ಮನ್‌ಗಳ ಜೇಬು ಹುಡುಕಿದರು. ಆಫೀಸರನಾದ ನನ್ನ ಜೇಬಿಗೆ ಯಾರೂ ಕೈ ಹಾಕಲಿಲ್ಲ. ನನ್ನ ಕೈಕೆಳಗಿದ್ದವನು ಕಾರ್ಪೋರಲ್ ಜವರಪ್ಪ, ಇಲ್ಲೇ ಹತ್ತಿರದ ಮಿರ್ಲೆಯವನು. ಸ್ಪ್ಯಾನರ್ ಕೊನೆಗೆ ಇದ್ದದ್ದು ಅವನ ಕೈಯಲ್ಲಿ ಎಂದು ಬರೆದುಕೊಟ್ಟವನು ನಾನು. ಅವನಿಗೆ ಮತ್ತೆ ಬಡ್ತಿ ಸಿಗಲಿಲ್ಲ. ಅವನಿಂದ ನಾನೇ ಇಸಿದುಕೊಂಡದ್ದು ನೆನಪಿಗೆ ಬರಲಿಲ್ಲ. ಬರಲಿಲ್ಲವೋ, ಬರಗೊಡಲಿಲ್ಲವೋ.

"ಬುಡಿ ಅತ್ಲಾಗೆ, ಈಗ್ಯಾರು ಕೇಳ್ತಾರೆ?" ಎಂದಳು ಹೆಂಡತಿ. ಅವಳ ಮೇಲೆ ರೇಗಿಬಿಟ್ಟೆ.

ಸಂಜೆ ಜವರಪ್ಪನದೇ ಫೋನು. "ನಾಳೆ ಆರ ನಾನೇ ಆಕ್ತೀನಿ ಕಣ್ಸಾ. ನಮ್ ಸೀಮೆಗೆ ಆಫೀಸರು ಅಂದ್ರೆ ನೀವೊಬ್ರೆಯ."

ಹೂಂ ಎಂದು ಫೋನ್ ಇಟ್ಟೆ.

ಈಗ ಸ್ಪ್ಯಾನರನ್ನು ಈ ಪುಟದ ಮೇಲಿಟ್ಟು ಸುತ್ತ ಗೆರೆ ಎಳೆದಿದ್ದೇನೆ. ನಾಳೆ ಅವನು ಹಾರ ಎತ್ತುವ ಮೊದಲೇ, ಮೈಕಿನ ಮುಂದೆ, ಎಲ್ಲವನ್ನೂ ಹೇಳಿ ಇದನ್ನು ಅವನ ಕೈಗೆ ಕೊಡಬೇಕು. ಈ ಒಂದು ಆಕಾರ ಖಾಲಿಯೇ ಉಳಿಯಬೇಕು. ಹೇಳಲಾಗದೆ ಇದು ಮತ್ತೆ ನನ್ನ ಜೇಬಿನಲ್ಲೇ ಮನೆಗೆ ಬಂದರೆ, ಈ ಗೆರೆಯೊಳಗೆ ಅದನ್ನು ನಾನೇ ಮತ್ತೆ ಇಡಬೇಕಾಗುತ್ತದೆ.