ಹಳದಿ ಬಳಿದ ಮೂರು ಕಲ್ಲು

ಮನೆ, ಅಡುಗೆಕೋಣೆಯ ಮೇಜು
ಅಕ್ಟೋಬರ್ ೯, ಗುರುವಾರ

ಪ್ರೀತಿಯ ಇವಳೇ,

ಎದುರಿಗಿದ್ದಾಗ ಇಪ್ಪತ್ತಾರು ವರ್ಷ ಹೀಗೆಯೇ ಕರೆದಿದ್ದೇನೆ. ಕಾಗದದಲ್ಲಿ ಬೇರೆ ಪದ ಹುಡುಕಿದೆ, ಸಿಗಲಿಲ್ಲ. ನಿನ್ನ ಕೆಮ್ಮು ಹೇಗಿದೆ? ದ್ವೀಪದ ಆ ಹವಾಮಾನ ಕೇಂದ್ರದಲ್ಲಿ ಊರಿನ ಗಾಳಿಯನ್ನೆಲ್ಲ ಅಳೆಯುವ ನೀನು ನಿನ್ನ ಕೋಣೆಯ ಕಿಟಕಿಯ ಸಂದಿಯಿಂದ ಬರುವ ಗಾಳಿಯನ್ನು ಮಾತ್ರ ತಡೆದಿರಲಾರೆ ಎಂದು ಅಮ್ಮನ ಅಂದಾಜು. ಸೋಮವಾರ ಫೋನಿನಲ್ಲಿ ಅವರು ‘ನಿನ್ನ ಮಗಳು ಹೊಳೆಗೆ ಬಿದ್ಲು ಕಣೇ’ ಎಂದದ್ದೇ ತಡ, ಲೈನ್ ಕಡಿಯಿತು. ‘ಮಗಳು ಕ್ಷೇಮ’ ಎಂಬ ಎರಡು ಪದವನ್ನು ಆ ಸಂಜೆಯೇ ನಿಮ್ಮ ರೇಡಿಯೋದವರ ಮೂಲಕ ಕಳಿಸಿದೆ. ಎರಡು ಪದ ನಿನಗೆ ಸಾಲುವುದಿಲ್ಲವೆಂದು ಬಲ್ಲೆ. ಆದ್ದರಿಂದ ಸಂಗತಿಗಳನ್ನು ಮೊದಲು ಕ್ರಮವಾಗಿ ಬರೆಯುತ್ತೇನೆ:

೧. ಮಗಳು ಆರೋಗ್ಯವಾಗಿದ್ದಾಳೆ. ಈ ಕ್ಷಣದಲ್ಲಿ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ಶೂ ತಿಕ್ಕುತ್ತಿದ್ದಾಳೆ. ಜೊತೆಗೆ ಹಾಡೂ ಇದೆ; ಶ್ರುತಿ ಮಾತ್ರ, ಎಂದಿನಂತೆ, ಇಲ್ಲ.

೨. ಮೂಳೆ ಮುರಿದಿಲ್ಲ. ಎಡ ಮೊಣಕೈ ತರಚಿದೆ. ವೈದ್ಯರು ನೋಡಿದ್ದಾರೆ.

೩. ಹೆಲ್ಮೆಟ್ ಬಿರುಕು ಬಿಟ್ಟಿದೆ. ‘ತಲೆಗೆ ಬಂದದ್ದು ಪೇಟಕ್ಕೆ ಹೋಯ್ತು’ ಎನ್ನುತ್ತ ಅಮ್ಮ ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದಾರೆ. ಹಾಲಿನವನಿಗೂ ತೋರಿಸಿದರು.

೪. ನೀನು ಮುಂದಿನ ದೋಣಿ ಹಿಡಿದು ಓಡಿಬರುವ ಅಗತ್ಯವಿಲ್ಲ.

೫. ಬಿದ್ದ ಕಾರಣ ತಿಳಿದಿದೆ. ಅದಕ್ಕೆ ಒಂದು ಸಾಲು ಸಾಲದು.

ನೀನು ಹೊರಟ ಮೇಲೆ, ಬೇಸಿಗೆಯಲ್ಲಿ, ಹೊಳೆಯ ಮೇಲಿನ ಸೈಕಲ್ ಹಾದಿಯನ್ನು ನಾನು ಮತ್ತೊಮ್ಮೆ ಪರಿಶೀಲಿಸಿದ್ದೆ. ಬೆಟ್ಟದ ನೆತ್ತಿಯಿಂದ ಕಾಡಿನೊಳಗೆ ಇಳಿದು, ಕೊನೆಯ ತಿರುವಿನಲ್ಲಿ ಹೊಳೆಯ ದಂಡೆಗೆ ತಾಗಿಕೊಂಡೇ ಸಾಗುವ ಆ ಹಾದಿ ನಿನಗೆ ಗೊತ್ತು. ಮದುವೆಯಾದ ಹೊಸತರಲ್ಲಿ ಅದು ಬರೀ ಕಾಲುದಾರಿಯಾಗಿದ್ದಾಗ ನಿನ್ನ ಚಪ್ಪಲಿ ಕಿತ್ತುಹೋದದ್ದು ಅಲ್ಲಿಯೇ. ಆ ತಿರುವಿನಲ್ಲಿ ನೆಲದಿಂದ ಎದ್ದುನಿಂತ ಮೂರು ಕಲ್ಲುಗಳಿವೆ. ಬಂಡೆಯ ಬೇರುಗಳವು, ಕೀಳಲು ಬರುವುದಿಲ್ಲ. ಪಕ್ಕದಲ್ಲಿ ಒಬ್ಬ ಸವಾರ ಧಾರಾಳವಾಗಿ ಹಾಯುವಷ್ಟು ಜಾಗವಿದೆ. ಹಾದಿ ಸಂಘದ ಸುರಕ್ಷತೆಯ ಎಂಜಿನಿಯರ್ ಆಗಿ ನಾನು ಮಾಡಬೇಕಾದದ್ದನ್ನು ಮಾಡಿದೆ: ಮೂರೂ ಕಲ್ಲುಗಳಿಗೆ ಕಣ್ಣಿಗೆ ಹೊಡೆಯುವಂಥ ಹಳದಿ ಬಣ್ಣ ಬಳಿಸಿದೆ. ಮಳೆಗೆ ಹೋಗದ, ಬಿಸಿಲಿಗೆ ಮಾಸದ, ಎಲ್ಲಕ್ಕಿಂತ ಮೇಲಾದ ಬಣ್ಣ. ಮಗಳು ಆಗ ‘ಅಪ್ಪಾ, ಕಲ್ಲಿಗೆ ಯಾಕೆ ಇಷ್ಟೊಂದು ಸಿಂಗಾರ?’ ಎಂದಿದ್ದಳು. ನಾನು ನಕ್ಕಿದ್ದೆ.

ಸೋಮವಾರ ಮಳೆ ಬಿಟ್ಟಿತ್ತು. ಪ್ರವಾಸಿಗಳನ್ನು ಕರೆದೊಯ್ಯುವ ಮೊದಲು ಹಾದಿ ಹೇಗಿದೆ ನೋಡಿಬರುತ್ತೇನೆಂದು ಅವಳೊಬ್ಬಳೇ ಮೇಲಿನಿಂದ ಇಳಿಯುತ್ತಿದ್ದಳು. ನಾನು ಕೆಳಗಿನ ಸೇತುವೆಯ ಮೇಲೆ ನಿಂತು ನೀರಿನ ಮಟ್ಟ ನೋಡುತ್ತಿದ್ದೆ. ಸೇತುವೆಯ ಕೆಳಗೆ ಒಂದು ಕಿತ್ತಳೆ ಬಣ್ಣದ ನೀರಿನ ಬಾಟಲಿ ತೇಲಿಹೋಯಿತು. ಅದರ ಮೇಲಿನ ಚೀಟಿಯಲ್ಲಿ ನನ್ನದೇ ಕೈಬರಹ. ಕಳೆದುಹೋದರೆ ಮರಳಿಸಲೆಂದು ನಮ್ಮ ಮನೆಯ ಫೋನ್ ನಂಬರನ್ನು ನಾನೇ ಬರೆದು ಅಂಟಿಸಿದ್ದೆ.

ಅಲ್ಲಿಂದ ಮೇಲಕ್ಕೆ ಓಡಿದೆ. ಆ ಓಟದ ಬಗ್ಗೆ ಹೆಚ್ಚು ಬರೆಯಲಾರೆ. ತಿರುವಿನಲ್ಲಿ ಸೈಕಲ್ ಪೊದೆಗೆ ಸಿಕ್ಕಿಕೊಂಡು ನೇತಾಡುತ್ತಿತ್ತು, ಮುಂದಿನ ಚಕ್ರ ಹಪ್ಪಳದಂತೆ ಮಡಚಿತ್ತು. ಮಗಳು ಇರಲಿಲ್ಲ. ಕೂಗಿದೆ, ಹೊಳೆಯ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ದಂಡೆಯುದ್ದಕ್ಕೂ ಒಂದೊಂದೇ ಕಲ್ಲು, ಒಂದೊಂದೇ ಕೊರಡು ನೋಡುತ್ತ ಇಳಿದೆ. ಕೊನೆಗೆ ಕಂಡಳು, ಆಚೆ ದಡದಲ್ಲಿ, ಬಿಸಿಲು ಬಿದ್ದ ಒಂದು ಬಂಡೆಯ ಮೇಲೆ. ಕಾಲುಚೀಲ ಹಿಂಡುತ್ತಿದ್ದಳು. ನನ್ನನ್ನು ನೋಡಿ ಏನೋ ಹೇಳಿದಳು, ಕೇಳಿಸಲಿಲ್ಲ. ಆಗ ಒಂದು ಶೂ ಎತ್ತಿ, ಅದರೊಳಗಿನ ನೀರನ್ನು ನನಗೆ ಕಾಣುವಂತೆ ನಿಧಾನವಾಗಿ ಸುರಿದು, ಹೊಟ್ಟೆ ತಟ್ಟಿ ತೋರಿಸಿದಳು. ಹಸಿವೆಯಂತೆ. ನಾನು ಇದ್ದಲ್ಲಿಯೇ ಕೆಸರಿನಲ್ಲಿ ಕುಳಿತುಬಿಟ್ಟೆ. ಬೆಟ್ಟದಂತೆ ಬಂದದ್ದು ಮಂಜಿನಂತೆ ಹೋಗುವುದು ಎನ್ನುತ್ತಾರೆ. ಮಂಜು ಕರಗಿದ ಮೇಲೂ ಪ್ಯಾಂಟು ಒದ್ದೆಯೇ ಇರುತ್ತದೆಂದು ಅವತ್ತು ತಿಳಿಯಿತು.

ಆ ಸಂಜೆಯೇ ಸಂಘದ ಅಧ್ಯಕ್ಷೆ ಮನೆಗೆ ಬಂದರು. ನಿವೃತ್ತ ಮುಖ್ಯೋಪಾಧ್ಯಾಯಿನಿ, ಈಗಲೂ ಕುರ್ಚಿಯಲ್ಲಿ ಕುಳಿತರೆ ಎದುರಿಗಿರುವವರು ತಾವಾಗಿ ಎದ್ದು ನಿಲ್ಲುತ್ತಾರೆ. ಹಾದಿಯನ್ನು ಕಾಯಂ ಮುಚ್ಚುವ ಆದೇಶವನ್ನು ಅವರು ಟೈಪ್ ಮಾಡಿಸಿಯೇ ತಂದಿದ್ದರು. ‘ನೀವು ಸಹಿ ಹಾಕಿದ್ರೆ ನಾಳೆಯಿಂದಲೇ ಬೀಗ. ಹಾಕದಿದ್ರೂ ನಾನೇನೂ ಕೇಳಲ್ಲ. ಆದ್ರೆ ಭಾನುವಾರದೊಳಗೆ ಹೇಳಿ, ಅಲ್ಲೀವರೆಗೆ ಪ್ರವಾಸಿಗಳನ್ನ ಬಿಡಲ್ಲ’ ಎಂದರು. ಕಾರಣ ಬರೆಯುವ ಜಾಗ ಮಾತ್ರ ಖಾಲಿಯಿತ್ತು. ಪೆನ್ನು ನನ್ನ ಕೈಯಲ್ಲಿಯೇ ಇತ್ತು. ಸಹಿ ಹಾಕಲು ನಾನು ಸಿದ್ಧನಾಗಿದ್ದೆ. ಅದು ಮಗಳ ಕೆಲಸ, ಮೂರು ವರ್ಷ ತಾನೇ ಗುದ್ದಲಿ ಹಿಡಿದು ಕಟ್ಟಿದ ಹಾದಿ ಎಂಬುದೆಲ್ಲ ಆ ಹೊತ್ತಿನಲ್ಲಿ ನನಗೆ ಲೆಕ್ಕಕ್ಕೇ ಬರಲಿಲ್ಲ. ಮಗಳು ಕಂಬಳಿ ಹೊದ್ದು ಒಲೆಯ ಬಳಿ ಕುಳಿತಿದ್ದಳು. ಜಗಳವಾಡುತ್ತಾಳೆಂದುಕೊಂಡೆ. ಆಡಲಿಲ್ಲ. ‘ಮುಚ್ಚೋದಾದ್ರೆ ಮುಚ್ಚು ಅಪ್ಪಾ. ಆದ್ರೆ ಕಾರಣ ಸರಿಯಾಗಿ ಬರಿ’ ಎಂದಳು, ಅಷ್ಟೇ. ನಾನು ಪೆನ್ನಿನ ಮುಚ್ಚಳ ಹಾಕಿದೆ. ಕಾರಣ ಗೊತ್ತಿಲ್ಲದೆ ಕಾರಣ ಬರೆಯುವ ಅಭ್ಯಾಸ ನನಗಿಲ್ಲ.

ಮರುದಿನ ಮಡಚಿದ ಚಕ್ರವನ್ನು ಪೇಟೆಯ ಸೈಕಲ್ ಅಂಗಡಿಗೆ ಒಯ್ದೆ. ಎಲ್ಲರೂ ‘ಕಡ್ಡಿ’ ಎಂದು ಕರೆಯುವ ನಮ್ಮ ಮೆಕ್ಯಾನಿಕ್ಕನ ಅಂಗಡಿ. ಗೋಡೆಯ ಮೇಲೆ ಸೊಟ್ಟಗಾದ ಮುಂದಿನ ಚಕ್ರಗಳ ಸಾಲೊಂದು ನೇತಾಡುತ್ತಿತ್ತು. ಎಲ್ಲವೂ ಈ ಮಳೆಗಾಲದವು. ಮಗಳ ಚಕ್ರವನ್ನು ತೂಗುಹಾಕಲು ಅವನು ಕೈ ಎತ್ತಿದಾಗ ಕಂಡಿತು: ಸಾಲಿನಲ್ಲಿದ್ದ ಬಹುತೇಕ ರಿಮ್ಮುಗಳ ಅಂಚಿಗೆ ಹಳದಿ ಬಣ್ಣ ಮೆತ್ತಿತ್ತು. ಮಗಳದಕ್ಕೂ. ನಾನು ಒಂದೊಂದನ್ನೇ ಕೆಳಗಿಳಿಸಿ ನೋಡಿದೆ. ಕಡ್ಡಿ ‘ನಿಮ್ಮ ಬಣ್ಣ ಭಾರಿ ಚೆನ್ನಾಗಿದೆ ಸಾರ್. ಯಾರನ್ನೂ ಬಿಟ್ಟಿಲ್ಲ’ ಎಂದ. ನಗಲೋ ಬೇಡವೋ ಎಂಬಂತಿತ್ತು ಅವನ ಮುಖ. ಬಣ್ಣ ಬಳಿಯುವ ಮೊದಲು ಆ ತಿರುವಿನಿಂದ ಇಷ್ಟು ಚಕ್ರ ಬರುತ್ತಿದ್ದವೇ ಎಂದು ಕೇಳಿದೆ. ‘ಎಲ್ಲೋ ಅಪರೂಪಕ್ಕೊಂದು’ ಎಂದ.

ಮನೆಗೆ ಬಂದು ಮಗಳನ್ನು ಕೇಳಿದೆ. ‘ಗಾಡಿ ಕಣ್ಣು ಹೋದ ಕಡೆಗೇ ಹೋಗುತ್ತೆ ಅಪ್ಪಾ. ಕಲ್ಲು ನೋಡಿದ್ರೆ ಕಲ್ಲಿಗೆ, ದಾರಿ ನೋಡಿದ್ರೆ ದಾರಿಗೆ. ನಂಗೆ ಗೊತ್ತಿದ್ದೂ ಅವತ್ತು ಕಣ್ಣು ಅಲ್ಲೇ ಹೋಯ್ತು’ ಎಂದಳು. ನಾನು ನಂಬಲಿಲ್ಲ. ಶೆಡ್ಡಿನಲ್ಲಿದ್ದ ನಿನ್ನ ಹಳೆಯ ಸೈಕಲ್ಲಿಗೆ ಗಾಳಿ ತುಂಬಿ ಅಂಗಳಕ್ಕೆ ತಂದೆ. ತಪ್ಪಿಸಿಕೊಂಡು ಹೋಗಬೇಕಾದ ಕಲ್ಲಿನ ಬದಲಿಗೆ ಅಮ್ಮ ತಮ್ಮ ಚಪ್ಪಲಿಯೊಂದನ್ನು ಅಂಗಳದ ನಡುವೆ ಇಟ್ಟರು. ಅಷ್ಟು ದೊಡ್ಡ ಅಂಗಳ. ನಾನು ಚಪ್ಪಲಿಯನ್ನೇ ದಿಟ್ಟಿಸುತ್ತ, ಅದನ್ನು ತಪ್ಪಿಸಬೇಕೆಂಬ ಪೂರ್ಣ ಎಚ್ಚರದಿಂದ ಹೋಗಿ ಅದರ ಮೇಲೆಯೇ ಹತ್ತಿಸಿದೆ. ಎರಡನೆಯ ಸಲವೂ. ‘ಲೋ ಮರಿ, ಊರಗಲ ಜಾಗ ಬಿದ್ದಿದೆ, ನನ್ನ ಚಪ್ಪಲಿ ಮೇಲೇ ಯಾಕೋ ನಿಂಗೆ ಪ್ರೀತಿ?’ ಎಂದು ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮಗಳು ಬೇಲಿಯ ಬಳಿ ಹೋಗಿ ನಿಂತು ‘ನನ್ನ ನೋಡು, ಚಪ್ಪಲಿ ಮರೆತುಬಿಡು’ ಎಂದಳು. ಮೂರನೆಯ ಸಲ ಚಪ್ಪಲಿ ಉಳಿಯಿತು. ಎಂಜಿನಿಯರಿಂಗ್‌ನಲ್ಲಿ ನನಗೆ ಇದನ್ನು ಯಾರೂ ಕಲಿಸಿರಲಿಲ್ಲ. ಅಪಾಯವನ್ನು ಎದ್ದು ಕಾಣಿಸಿದರೆ ಅರ್ಧ ಕೆಲಸ ಮುಗಿಯಿತೆಂದು ನಂಬಿಕೊಂಡೇ ತಲೆ ಹಣ್ಣಾಯಿತು.

ನಿನ್ನೆ ಅಪ್ಪ ಮಗಳು ಇಬ್ಬರೂ ತಂತಿ ಬ್ರಷ್ ಹಿಡಿದು ಆ ಮೂರು ಕಲ್ಲುಗಳನ್ನು ಉಜ್ಜಿದೆವು. ಬಣ್ಣ ಸುಲಭಕ್ಕೆ ಬರಲಿಲ್ಲ. ಅಷ್ಟು ಒಳ್ಳೆಯದನ್ನು ಆರಿಸಿದವನಿಗೆ ಕೆಲಸದುದ್ದಕ್ಕೂ ಬೈಗುಳ ಸಿಕ್ಕಿತು. ಕಲ್ಲುಗಳು ಮತ್ತೆ ಕಲ್ಲುಗಳಂತೆಯೇ ಆದವು. ಬದಲಿಗೆ ತಿರುವು ಮುಗಿದು ಹಾದಿ ಅಗಲವಾಗುವಲ್ಲಿ, ಸವಾರನ ಕಣ್ಣಿನ ಎತ್ತರಕ್ಕೆ, ಒಂದು ಬಿಳಿ ಕಂಬ ನೆಟ್ಟೆವು. ಆಮೇಲೆ ಅವಳು ಹೊಸ ಚಕ್ರ ಹಾಕಿದ ಸೈಕಲ್ ಹೊತ್ತು ಮೇಲೆ ಹತ್ತಿದಳು. ನಾನು ಅಭ್ಯಾಸಬಲದಿಂದ ಕಲ್ಲುಗಳ ಪಕ್ಕ ಹೋಗಿ, ಕೈ ಚಾಚಿ ನಿಂತೆ. ಮೇಲಿನಿಂದ ಕೂಗಿದಳು: ‘ಅಲ್ಲಿ ನಿಲ್ಬೇಡ ಅಪ್ಪಾ! ಕಂಬದ ಹತ್ರ ನಿಲ್ಲು. ನಿನ್ನನ್ನೇ ನೋಡ್ಕೊಂಡು ಬರ್ತೀನಿ.’ ಹೋಗಿ ನಿಂತೆ. ಕಲ್ಲುಗಳ ಕಡೆ ತಿರುಗಲಿಲ್ಲ. ಬಂದಳು.

ನಿನ್ನ ಹಾಸಿಗೆಯ ಬದಿಯ ಪುಸ್ತಕಗಳ ಧೂಳನ್ನು ವಾರಕ್ಕೊಮ್ಮೆ ಒರೆಸುತ್ತಿದ್ದೇನೆ. ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಕಿವಿಗೆ ಬಟ್ಟೆ ಕಟ್ಟಿಕೊಳ್ಳುವಂತೆ ಆಜ್ಞೆಯನ್ನೂ. ಮಗಳು ಬೇರೆಯೇ ಬರೆಯುತ್ತಾಳಂತೆ; ಅದರಲ್ಲಿ ನನ್ನ ಚಪ್ಪಲಿ ಪ್ರಸಂಗ ಇನ್ನಷ್ಟು ಉದ್ದವಾಗಿರುತ್ತದೆ, ಅರ್ಧಕ್ಕೆ ನಂಬು.

ನಿನ್ನವನೇ ಆದ
ಇವರು

ಮರೆತ ಮಾತು: ಅಂಚೆಯವನು ಗೇಟಿನಲ್ಲಿ ನಿಂತಿದ್ದಾನೆ. ಆದೇಶಕ್ಕೆ ನಾನು ಸಹಿ ಹಾಕಲಿಲ್ಲ. ಈಗಷ್ಟೇ ಅಧ್ಯಕ್ಷೆಗೆ ತಿಳಿಸಿದೆ. ಹಾದಿ ಸೋಮವಾರ ತೆರೆಯುತ್ತದೆ. ಮಗಳು ಮೊದಲ ತಂಡವನ್ನು ಕರೆದೊಯ್ಯುತ್ತಾಳೆ. ನಾನು ಕಂಬದ ಬಳಿ ನಿಲ್ಲುತ್ತೇನೆ.